ಊರಿನ ಚಾನೆಲ್, ಊರಿನ ಬಾನುಲಿ: ಪ್ರಸಾರ ಮಾಡುವವರ ಕಾನೂನು ಹೊಣೆ, ಹಂತ ಹಂತವಾಗಿ

ರಾಜ್ಯಮಟ್ಟದ ಚಾನೆಲ್‌ನಲ್ಲಿ 'ಒಬ್ಬ ಔಷಧ ವ್ಯಾಪಾರಿ' ಎಂದು ಹೇಳಿದರೆ ನೋಡುವವರಿಗೆ ಅವನು ಯಾರೋ ಏನೋ. ಅದೇ ಮಾತನ್ನು ಕುಮಟಾದ ಲೋಕಲ್ ಚಾನೆಲ್ 'ಬಸ್‌ಸ್ಟ್ಯಾಂಡ್ ಎದುರಿನ ಔಷಧದ ಅಂಗಡಿಯವರು' ಎಂದು ಹೇಳಿದರೆ ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತದೆ. ಹೆಸರು ಹೇಳದಿದ್ದರೂ ಮನುಷ್ಯ ಗುರುತಾದ. ಕಾನೂನು ನೋಡುವುದು ಹೆಸರನ್ನಲ್ಲ, ಈ ಗುರುತನ್ನು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕೇಬಲ್ ಚಾನೆಲ್ ಅಥವಾ ಸಮುದಾಯ ಬಾನುಲಿ ನಡೆಸುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದು: ಪ್ರಸಾರದ ವ್ಯಾಪ್ತಿ ಚಿಕ್ಕದಾದಷ್ಟೂ ಹೊಣೆ ಹತ್ತಿರ ಬರುತ್ತದೆ.

ಅನುಮತಿ ಪಡೆಯುವುದರಿಂದ ಹಿಡಿದು ವಕೀಲರ ನೋಟಿಸ್ ಬಂದ ದಿನ ಮಾಡಬೇಕಾದ ಕೆಲಸದವರೆಗೆ, ಕೆಲಸ ನಡೆಯುವ ಕ್ರಮದಲ್ಲೇ ಇಲ್ಲಿ ವಿವರಿಸಿದ್ದೇವೆ.

ಹಂತ 1: ನಿಮ್ಮ ಪ್ರಸಾರ ಯಾವ ಬಗೆಯದು ಎಂದು ಖಚಿತ ಮಾಡಿಕೊಳ್ಳಿ

ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿತು. ಹಾಗಾಗಿ ತರಂಗ ಬಳಸುವ ಯಾರಿಗೇ ಆಗಲಿ ಸರ್ಕಾರದ ಅನುಮತಿ ಬೇಕು. ಅನುಮತಿಯಿಲ್ಲದೆ ದೂರಸಂಪರ್ಕ ಜಾಲ ಕಟ್ಟಿದರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಎಂದು 2023ರ ದೂರಸಂಪರ್ಕ ಕಾಯ್ದೆ ಹೇಳಿದೆ. ಜಾತ್ರೆಗೆಂದು ಆನ್‌ಲೈನ್‌ನಲ್ಲಿ ಚಿಕ್ಕ ಎಫ್‌ಎಂ ಟ್ರಾನ್ಸ್‌ಮಿಟರ್ ತರಿಸಿ ಮೂರು ದಿನ ಹಾಡು ಹಾಕುವವರೂ ಈ ಮಾತು ನೆನಪಿಡಬೇಕು.

ಕೇಬಲ್‌ನವರಿಗೆ ಮುಖ್ಯವಾಗಿ ಅನ್ವಯಿಸುವುದು 1995ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ ಮತ್ತು 1994ರ ನಿಯಮಗಳು. ಸಮುದಾಯ ಬಾನುಲಿಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಾರ್ಗಸೂಚಿ ಇದೆ. 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆದ ಆ ಮಾರ್ಗಸೂಚಿ 2024ರ ಫೆಬ್ರುವರಿಯಲ್ಲಿ ಪರಿಷ್ಕರಣೆಯಾಯಿತು. ಅದೇ ಕಾರ್ಯಕ್ರಮವನ್ನು ಯೂಟ್ಯೂಬ್‌ಗೂ ಏರಿಸುತ್ತಿದ್ದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2021ರ ಡಿಜಿಟಲ್ ಮಾಧ್ಯಮ ನಿಯಮಗಳು ಮೂರನೆಯದಾಗಿ ಸೇರಿಕೊಳ್ಳುತ್ತವೆ. 'ಕೇಬಲ್ ಬೇರೆ, ಯೂಟ್ಯೂಬ್ ಬೇರೆ' ಎಂಬ ಲೆಕ್ಕ ಹಲವರಲ್ಲಿದೆ. ಹೌದು, ಬೇರೆಯೇ. ಆದರೆ ಹೊಣೆ ಕಡಿಮೆಯಾಗುವುದಿಲ್ಲ, ಎರಡು ಕಡೆಯದೂ ಕೂಡುತ್ತದೆ.

ಹಂತ 2: ಅನುಮತಿ ಪತ್ರ ಸರಿಯಾದವರ ಹೆಸರಿನಲ್ಲಿರಲಿ

ಕೇಬಲ್: ಮನೆಗಳಿಗೆ ಸಂಪರ್ಕ ಕೊಡುವ ಸ್ಥಳೀಯ ಆಪರೇಟರುಗಳು ಹಿಂದೆ ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸುತ್ತಿದ್ದರು. 2025ರ ಜನವರಿಯಿಂದ ಅದು ಸಂಪೂರ್ಣ ಆನ್‌ಲೈನ್. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ ಐದು ಸಾವಿರ ರೂಪಾಯಿ ಕಟ್ಟಿದರೆ ಐದು ವರ್ಷದ ನೋಂದಣಿ, ದೇಶಕ್ಕೆಲ್ಲ ಅನ್ವಯ. ಅವಧಿ ಮುಗಿಯಲು 90 ದಿನ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಕ್ಯಾಲೆಂಡರ್‌ನಲ್ಲಿ ಆ 90ನೇ ದಿನವನ್ನು ಗುರುತು ಮಾಡಿಡಿ, ಕೊನೆಯ ದಿನವನ್ನಲ್ಲ.

ಲೋಕಲ್ ಚಾನೆಲ್‌ನ ವಿಷಯ ಬೇರೆ. ಕಾನೂನಿನ ಭಾಷೆಯಲ್ಲಿ ಅದು 'ಪ್ಲಾಟ್‌ಫಾರ್ಮ್ ಸರ್ವಿಸ್'. 2022ರ ನವೆಂಬರ್ 30ರ ಮಾರ್ಗಸೂಚಿ ಇದನ್ನು ಎಂಎಸ್‌ಒಗಳಿಗೆ, ಅಂದರೆ ಕಂಟ್ರೋಲ್ ರೂಮಿನಿಂದ ಸಿಗ್ನಲ್ ಕೊಡುವ ದೊಡ್ಡ ಆಪರೇಟರುಗಳಿಗೆ ಕೊಟ್ಟಿದೆ. ಪ್ರತಿ ಚಾನೆಲ್‌ಗೆ ಒಮ್ಮೆ ಕಟ್ಟುವ ಶುಲ್ಕ ಒಂದು ಸಾವಿರ ರೂಪಾಯಿ. ಸ್ಥಳೀಯ ಸುದ್ದಿ ಕೊಡಬೇಕಾದರೆ ಆ ಸಂಸ್ಥೆ ಕಂಪನಿಯಾಗಿ ನೋಂದಣಿಯಾಗಿರಬೇಕು. ಒಟ್ಟು ಚಾನೆಲ್‌ಗಳ ಸಾಮರ್ಥ್ಯದ ಶೇ. 5ರಷ್ಟು ಎಂಬ ಮಿತಿ ಇದೆ. ಅದರ ಮೇಲೆ ಜಿಲ್ಲಾ ಮಟ್ಟದಲ್ಲಿ ಎರಡು ಚಾನೆಲ್‌ಗೆ ಅವಕಾಶವಿದೆ. ಪರದೆಯ ಮೇಲೆ 'ಪ್ಲಾಟ್‌ಫಾರ್ಮ್ ಸರ್ವಿಸಸ್' ಎಂಬ ಬರಹ ಇರಬೇಕು. ಒಬ್ಬರ ಕಾರ್ಯಕ್ರಮವನ್ನು ಇನ್ನೊಬ್ಬ ಎಂಎಸ್‌ಒಗೆ ಕೊಡುವಂತಿಲ್ಲ. ದೇವಸ್ಥಾನ ಮೊದಲಾದ ಧಾರ್ಮಿಕ ಸ್ಥಳಗಳ ನೇರ ಪ್ರಸಾರಕ್ಕೆ ಮಾತ್ರ ವಿನಾಯಿತಿ ಉಂಟು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಎಡವಟ್ಟಾಗುವುದು ಇಲ್ಲೇ. ಚಾನೆಲ್ ನಡೆಸುವವರು ಒಬ್ಬರು, ನೋಂದಣಿ ಇರುವುದು ಎಂಎಸ್‌ಒ ಹೆಸರಿನಲ್ಲಿ, ನಡುವೆ ಬರೀ ಬಾಯಿಮಾತಿನ ಒಪ್ಪಂದ. ದೂರು ಬಂದ ದಿನ ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ. ಕಾರ್ಯಕ್ರಮ ಯಾರದು, ಪ್ರಸಾರಕ್ಕೆ ಮುಂಚೆ ನೋಡಿ ಒಪ್ಪುವವರು ಯಾರು, ಕೇಸು ಬಂದರೆ ಖರ್ಚು ಯಾರದು, ರೆಕಾರ್ಡಿಂಗ್ ಯಾರ ಹತ್ತಿರ ಇರುತ್ತದೆ ಎಂಬ ನಾಲ್ಕು ಅಂಶಗಳನ್ನಾದರೂ ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿ.

ಸಮುದಾಯ ಬಾನುಲಿ: ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ, ಲಾಭಕ್ಕಾಗಿ ನಡೆಯುವ ಕಂಪನಿಗೆ ಇದು ಸಿಗದು. ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರ, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಘ ಅಥವಾ ಟ್ರಸ್ಟ್ ಅರ್ಜಿ ಹಾಕಬಹುದು. ಬ್ರಾಡ್‌ಕಾಸ್ಟ್ ಸೇವಾದಲ್ಲಿ ಅರ್ಜಿ, ಭದ್ರತಾ ಪರಿಶೀಲನೆ, ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್), ತರಂಗಾಂತರ ಮತ್ತು ಆಂಟೆನಾ ಜಾಗದ ಒಪ್ಪಿಗೆ, ಸಚಿವಾಲಯದೊಡನೆ ಅನುಮತಿ ಒಪ್ಪಂದ, ಕೊನೆಗೆ ವೈರ್‌ಲೆಸ್ ಲೈಸೆನ್ಸ್: ಕ್ರಮ ಹೀಗೆ. ಆಶಯ ಪತ್ರದ ಆಯುಷ್ಯ ಒಂದು ವರ್ಷ, ಮೇಲೆ ಮೂರು ತಿಂಗಳ ಸಡಿಲ.

ಟ್ರಾನ್ಸ್‌ಮಿಟರ್‌ನ ಪರಿಣಾಮಕಾರಿ ಶಕ್ತಿ 100 ವ್ಯಾಟ್, ಆಂಟೆನಾ ನೆಲದಿಂದ 15ರಿಂದ 30 ಮೀಟರ್ ಎತ್ತರ. ಬಯಲುಸೀಮೆಯಲ್ಲಿ ಇಷ್ಟಕ್ಕೆ ಹತ್ತು ಕಿಲೋಮೀಟರ್ ಸಲೀಸಾಗಿ ಕೇಳುತ್ತದೆ. ನಮ್ಮಲ್ಲಿ ಎದುರಿಗೊಂದು ಗುಡ್ಡ ಬಂತೆಂದರೆ ನಾಲ್ಕನೇ ಕಿಲೋಮೀಟರಿಗೇ ಸ್ವರ ಸತ್ತುಹೋಗಬಹುದು. ಆಗ ಆಂಟೆನಾವನ್ನು ಪಕ್ಕದ ದಿಬ್ಬಕ್ಕೆ ಸಾಗಿಸುವ ಆಸೆ ಹುಟ್ಟುತ್ತದೆ. ಲೈಸೆನ್ಸ್‌ನಲ್ಲಿರುವುದು ಒಂದು ನಿರ್ದಿಷ್ಟ ಅಕ್ಷಾಂಶ, ರೇಖಾಂಶ. ಜಾಗ ಬದಲಿಸಬೇಕಾದರೆ ಮತ್ತೆ ಒಪ್ಪಿಗೆ ಪಡೆಯಬೇಕು. ಅರ್ಜಿ ಹಾಕುವ ಮೊದಲೇ ಗುಡ್ಡದ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಓಡಾಡಿ ನೋಡಿ ಜಾಗ ಆರಿಸಿ. ಕಾರವಾರದಲ್ಲಿ ಇನ್ನೊಂದು ಮಾತು: ಅರಗಾದ ನೌಕಾನೆಲೆ, ಕೈಗಾದ ಅಣು ವಿದ್ಯುತ್ ಸ್ಥಾವರ ಎರಡೂ ಒಂದೇ ತಾಲೂಕಿನಲ್ಲಿವೆ. ಜಾಗದ ಕಾಗದಪತ್ರದಲ್ಲಿ ಸಣ್ಣ ತಪ್ಪೂ ಇರದ ಹಾಗೆ ನೋಡಿಕೊಳ್ಳಿ.

ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದ ಆಗಿರಬೇಕು. ಸಲಹಾ ಮತ್ತು ಕಾರ್ಯಕ್ರಮ ಸಮಿತಿಯಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು. ಆ ಸಮಿತಿಯನ್ನು ಕಾಗದದ ಮೇಲಷ್ಟೇ ಇಡಬೇಡಿ. ತಿಂಗಳಿಗೊಮ್ಮೆ ಸೇರಿಸಿ, ನಡಾವಳಿ ಬರೆದು, ಸಹಿ ಹಾಕಿಸಿ. ನಾಳೆ ವಿಚಾರಣೆಯಾದರೆ 'ಯೋಚಿಸಿ ಪ್ರಸಾರ ಮಾಡಿದ್ದೇವೆ' ಎನ್ನಲು ಅದೇ ಆಧಾರ.

ಹಂತ 3: ರೆಕಾರ್ಡಿಂಗ್ ಮತ್ತು ಲಾಗ್ ಪುಸ್ತಕ

ಸಮುದಾಯ ಬಾನುಲಿ ಹಿಂದಿನ ಮೂರು ತಿಂಗಳ ಪ್ರಸಾರವನ್ನೆಲ್ಲ ಕಾಯ್ದಿಡಬೇಕು. ಲೋಕಲ್ ಚಾನೆಲ್‌ಗಳ ರೆಕಾರ್ಡಿಂಗ್ 90 ದಿನ ಇರಬೇಕು. ಇದು ಕನಿಷ್ಠ. ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. 91ನೇ ದಿನ ಅಳಿಸಿಬಿಟ್ಟರೆ ಹನ್ನೊಂದನೇ ತಿಂಗಳಲ್ಲಿ ಬಂದ ದಾವೆಗೆ ಉತ್ತರ ಕೊಡಲು ನಿಮ್ಮ ಕೈಯಲ್ಲಿ ಏನೂ ಇರದು. ಎದುರು ಪಕ್ಷದವರ ಬಳಿ ಮೊಬೈಲ್‌ನಲ್ಲಿ ಹಿಡಿದ ಮೂವತ್ತು ಸೆಕೆಂಡಿನ ತುಣುಕು ಮಾತ್ರ ಉಳಿದಿರುತ್ತದೆ. ಒಂದು ವರ್ಷ ಇಡಿ ಎಂಬುದು ನಮ್ಮ ಸಲಹೆ. ಯಾರಾದರೂ ತಕರಾರು ಎತ್ತಿದ ಕಾರ್ಯಕ್ರಮವನ್ನು ಬೇರೆ ತೆಗೆದು ಮೂರು ವರ್ಷ ಇಡಿ.

ಖರ್ಚು ದೊಡ್ಡದಲ್ಲ. 64 ಕೆಬಿಪಿಎಸ್ ಮೊನೊ ಧ್ವನಿಗೆ ಗಂಟೆಗೆ ಸುಮಾರು 29 ಎಂಬಿ. ದಿನಕ್ಕೆ 12 ಗಂಟೆ ಪ್ರಸಾರವಾದರೆ ವರ್ಷಕ್ಕೆ 126 ಜಿಬಿ ಸಾಕು. ವಿಡಿಯೊವನ್ನು 1 ಎಂಬಿಪಿಎಸ್‌ಗೆ ಇಳಿಸಿ ಇಟ್ಟರೂ ದಿನದ 24 ಗಂಟೆಗೆ 10.8 ಜಿಬಿ, 90 ದಿನಕ್ಕೆ ಹೆಚ್ಚುಕಡಿಮೆ ಒಂದು ಟಿಬಿ. ಎರಡು ಪ್ರತಿ ಇರಲಿ, ಒಂದು ಬೇರೆ ಕಟ್ಟಡದಲ್ಲಿರಲಿ. ಕರಾವಳಿಯ ಉಪ್ಪುಗಾಳಿಗೆ, ಮಳೆಗಾಲದ ಥಂಡಿಗೆ ಹಾರ್ಡ್‌ಡಿಸ್ಕ್ ಬೇಗ ಕೈಕೊಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಚೀಲದ ಜೊತೆ ಇಡಬೇಕು.

ರೆಕಾರ್ಡಿಂಗ್ ಮಿಕ್ಸರ್‌ನಿಂದಲ್ಲ, ರೇಡಿಯೊ ರಿಸೀವರ್‌ನಿಂದ ಅಥವಾ ಸೆಟ್‌ಟಾಪ್ ಬಾಕ್ಸ್‌ನಿಂದ ಆಗಲಿ. ಮಿಕ್ಸರ್‌ನಲ್ಲಿರುವುದು ಸ್ಟುಡಿಯೊದಲ್ಲಿ ಆಡಿದ ಮಾತು, ರಿಸೀವರ್‌ನಲ್ಲಿರುವುದು ಜನರಿಗೆ ಮುಟ್ಟಿದ ಮಾತು. ನ್ಯಾಯಾಲಯಕ್ಕೆ ಬೇಕಾದದ್ದು ಎರಡನೆಯದು. ಗುಡುಗು ಸಿಡಿಲಿಗೆ ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ಆನ್ ಆಗುತ್ತದೆ, ರೆಕಾರ್ಡಿಂಗ್ ತಂತ್ರಾಂಶ ಎಷ್ಟೋ ಸಲ ತಾನಾಗಿ ಶುರುವಾಗುವುದಿಲ್ಲ. ಬೆಳಿಗ್ಗೆ ಬಂದವರು ಚಹಾಕ್ಕೆ ಮೊದಲು ನಿನ್ನೆ ಸಂಜೆಯ ಹತ್ತು ಸೆಕೆಂಡು ಕೇಳಿ ಸಹಿ ಹಾಕಲಿ. ಗಡಿಯಾರವೂ ಸರಿಯಿರಲಿ, ಏಳು ನಿಮಿಷ ಹಿಂದಿರುವ ರೆಕಾರ್ಡಿಂಗ್‌ನ ನಂಬಿಕೆಯನ್ನು ಎದುರಿನ ವಕೀಲರು ಒಂದೇ ಪ್ರಶ್ನೆಯಲ್ಲಿ ಮುರಿಯುತ್ತಾರೆ.

ಲಾಗ್ ಪುಸ್ತಕದ ಒಂದು ಸಾಲು ಹೀಗಿರಬೇಕು: ಸಂಜೆ 6:32, ಫೋನ್-ಇನ್, ನಿರೂಪಕರ ಹೆಸರು, ಕರೆ ಮಾಡಿದವರ ಊರು ಮತ್ತು ನಂಬರಿನ ಕೊನೆಯ ನಾಲ್ಕಂಕಿ, 6:32:40ಕ್ಕೆ ವ್ಯಕ್ತಿಯ ಹೆಸರು ಬಂತು, ಕತ್ತರಿಸಲಾಯಿತು, ಸಹಿ. ಪುಟಸಂಖ್ಯೆ ಹೊಡೆದ ಪುಸ್ತಕ, ಶಾಯಿ ಪೆನ್ನು. ಹಾಳೆ ಹರಿಯಬಾರದು, ಬಿಳಿ ಬಣ್ಣ ಬಳಿಯಬಾರದು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ.

ಹಂತ 4: ಬಾನುಲಿಯಲ್ಲಿ ಯಾವುದು ಸುದ್ದಿ, ಯಾವುದು ಅಲ್ಲ

ಸಮುದಾಯ ಬಾನುಲಿ ತನ್ನದೇ ಸುದ್ದಿ ಕೊಡುವಂತಿಲ್ಲ, ರಾಜಕೀಯ ಕಾರ್ಯಕ್ರಮ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಇದ್ದ ಹಾಗೇ ಮರುಪ್ರಸಾರ ಮಾಡಬಹುದು. ಆದರೆ ಕ್ರೀಡೆ, ಸಂಚಾರ, ಹವಾಮಾನ, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ, ಪರೀಕ್ಷೆ, ಉದ್ಯೋಗ, ನೀರು ಮತ್ತು ವಿದ್ಯುತ್, ಪ್ರಕೃತಿ ವಿಕೋಪ, ಸ್ಥಳೀಯ ಆಡಳಿತ ಕೊಟ್ಟ ಆರೋಗ್ಯ ಸೂಚನೆ, ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ.

ಗೆರೆ ಎಲ್ಲಿದೆ ಎಂಬುದಕ್ಕೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದನ್ನೇ ತೆಗೆದುಕೊಳ್ಳಿ. 'ಗೋವಾ ಕಡೆ ಹೋಗುವ ವಾಹನಗಳಿಗೆ ಈ ದಾರಿ ಎಂದು ಜಿಲ್ಲಾಡಳಿತ ತಿಳಿಸಿದೆ' ಎಂಬುದು ಸಂಚಾರ ಮಾಹಿತಿ, ಹೇಳಬಹುದು, ಹೇಳಲೇಬೇಕು. 'ಸೇತುವೆ ಕುಸಿಯಲು ಯಾರು ಕಾರಣ' ಎಂಬ ಚರ್ಚೆ ಸುದ್ದಿ ಮತ್ತು ವಿದ್ಯಮಾನದ ಕಾರ್ಯಕ್ರಮ. ಅದು ಕೇಬಲ್‌ನಲ್ಲಿ ನಡೆಯಬಹುದು, ಸಮುದಾಯ ಬಾನುಲಿಯಲ್ಲಿ ಆಗದು. ಕದ್ರಾ ಅಣೆಕಟ್ಟೆಯಿಂದ ನೀರು ಬಿಡುವ ಎಚ್ಚರಿಕೆ, ಹೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಇವಕ್ಕೂ ಇದೇ ಅಳತೆ.

ಮುರಿದರೆ ಏನಾಗುತ್ತದೆ? ಮೊದಲ ಸಲ ಒಂದು ತಿಂಗಳವರೆಗೆ ಅನುಮತಿ ಅಮಾನತು, ಎರಡನೇ ಸಲ ಮೂರು ತಿಂಗಳವರೆಗೆ, ಮತ್ತೂ ಮುಂದುವರಿದರೆ ರದ್ದು. ರದ್ದಾದ ಸಂಸ್ಥೆ ಐದು ವರ್ಷ ಅರ್ಜಿ ಹಾಕುವಂತಿಲ್ಲ. ಇದರ ಮೇಲೆ ಸಂಸ್ಥೆಯ ಮುಖ್ಯಸ್ಥರು ಸಾಮಾನ್ಯ ಕಾನೂನಿನಡಿಯೂ ಹೊಣೆಗಾರರು.

ಹಂತ 5: ಮಾನಹಾನಿ, ಮತ್ತು ನೇರ ಪ್ರಸಾರದ ಏಳು ಸೆಕೆಂಡು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಮಾನಹಾನಿ ಅದರ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಸಮುದಾಯ ಸೇವೆ. ಇದಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವುದಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಸಿವಿಲ್ ದಾವೆಯ ದಾರಿ ಬೇರೆಯೇ ಇದೆ, ಎರಡೂ ಒಟ್ಟಿಗೆ ನಡೆಯಬಹುದು. ಸತ್ಯ ಹೇಳಿದರೆ ಸಿವಿಲ್‌ನಲ್ಲಿ ಅದೇ ರಕ್ಷಣೆ. ಕ್ರಿಮಿನಲ್‌ನಲ್ಲಿ ಸತ್ಯದ ಜೊತೆಗೆ ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದು ಎಂದೂ ತೋರಿಸಬೇಕು. ಒಬ್ಬರ ಸಂಸಾರದ ಜಗಳ ನಿಜವೇ ಇರಬಹುದು, ಅದನ್ನು ಊರಿಗೆ ಸಾರುವುದರಲ್ಲಿ ಸಾರ್ವಜನಿಕ ಹಿತ ಇರುವುದಿಲ್ಲ.

ಎರಡು ಮೂಢನಂಬಿಕೆ ಬಿಡಬೇಕು. 'ಎನ್ನಲಾಗಿದೆ', 'ಆರೋಪ ಕೇಳಿಬಂದಿದೆ' ಎಂಬ ಬಾಲ ಅಂಟಿಸಿದರೆ ರಕ್ಷಣೆ ಸಿಗುತ್ತದೆ ಎಂಬುದು ಒಂದು. ಸುಳ್ಳು ಆರೋಪವನ್ನು ಮತ್ತೊಮ್ಮೆ ಹೇಳುವುದೂ ಮಾನಹಾನಿಯೇ. 'ಅತಿಥಿಗಳ ಅಭಿಪ್ರಾಯ ಅವರ ವೈಯಕ್ತಿಕ' ಎಂಬ ಪಟ್ಟಿ ಇನ್ನೊಂದು. ಮಾತು ಅವರದಾದರೂ ಜನರಿಗೆ ಮುಟ್ಟಿಸಿದ್ದು ನೀವು.

ಸುದ್ದಿ ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಕೇಳಿದ ನಮ್ಮೂರಿನವರ ಬೆರಳು ಯಾರ ಕಡೆ ತಿರುಗುತ್ತದೆ? ಕಾಗದದ ಆಧಾರ ಏನಿದೆ: ಮಾಹಿತಿ ಹಕ್ಕಿನ ಉತ್ತರವೇ, ಆಡಿಟ್ ವರದಿಯೇ, ದೋಷಾರೋಪ ಪಟ್ಟಿಯೇ? ಆ ಮನುಷ್ಯನನ್ನು ಕೇಳಿದ್ದೇವೆಯೇ, ಎಷ್ಟು ಹೊತ್ತಿಗೆ, ಉತ್ತರಕ್ಕೆ ಎಷ್ಟು ಸಮಯ ಕೊಟ್ಟೆವು? ಬುಲೆಟಿನ್‌ಗೆ ಐದು ನಿಮಿಷ ಇರುವಾಗ ಒಂದು ಮಿಸ್ಡ್ ಕಾಲ್ ಕೊಟ್ಟು 'ಸಂಪರ್ಕಕ್ಕೆ ಸಿಗಲಿಲ್ಲ' ಎನ್ನುವುದು ಸಮಯ ಕೊಟ್ಟಂತಲ್ಲ.

ತಪ್ಪು ಹೆಚ್ಚಾಗಿ ನುಸುಳುವುದು ಟಿಕ್ಕರ್‌ನಲ್ಲಿ. ವಾರ್ತೆ ಓದುವವರು ಎಚ್ಚರಿಕೆಯಿಂದ 'ಆರೋಪಿ' ಎನ್ನುತ್ತಾರೆ, ಕೆಳಗೆ ಓಡುವ ಸಾಲಿನಲ್ಲಿ 'ಅಡಿಕೆ ಕಳ್ಳನ ಬಂಧನ' ಎಂದಿರುತ್ತದೆ. ಮಾತು ಸರಿಯಿತ್ತು ಎಂದು ಆಮೇಲೆ ವಾದಿಸಿ ಪ್ರಯೋಜನವಿಲ್ಲ, ಬರಹವೂ ಪ್ರಸಾರವೇ. ಟಿಕ್ಕರ್, ಥಂಬ್‌ನೇಲ್, ಶೀರ್ಷಿಕೆ ಮೂರನ್ನೂ ಇನ್ನೊಬ್ಬರು ಓದಿದ ಮೇಲೆಯೇ ಬಿಡಿ.

ಫೋನ್-ಇನ್ ಅತಿ ಅಪಾಯದ ಜಾಗ. ಕರೆಗೆ ಏಳು ಸೆಕೆಂಡಿನ ವಿಳಂಬ ಇಟ್ಟು, ಕತ್ತರಿಸುವ ಗುಂಡಿ ನಿರೂಪಕರ ಕೈಗೆಟುಕುವಂತೆ ಇರಲಿ. ಅದಕ್ಕಿಂತ ಮುಖ್ಯ, ಕರೆಯನ್ನು ಮೊದಲು ಇನ್ನೊಬ್ಬರು ಎತ್ತಿಕೊಂಡು ಊರು, ವಿಷಯ ಕೇಳಿ ಒಳಗೆ ಬಿಡಬೇಕು. ನಮ್ಮ ಕಡೆಯ ಜನ ಮಾತಿಗೆ ಮಾತು ಬೆಳೆದಾಗ ಹೆಸರು ಎತ್ತಿಬಿಡುತ್ತಾರೆ. 'ನಮ್ ಪಂಚಾಯ್ತಿಯಲ್ಲಿ ನೀರಿನ ದುಡ್ಡು ತಿಂದವ ಯಾರು ಹೇಳ್ಲಾ?' ಎಂಬ ಧ್ವನಿ ಏರಿದ ಕೂಡಲೇ ನಿರೂಪಕರ ಕೈ ಗುಂಡಿಯ ಮೇಲಿರಬೇಕು, ಬಾಯಲ್ಲಿ ಈ ಮಾತಿರಬೇಕು: 'ಅಣ್ಣಾ, ಹೆಸರು ಬೇಡ. ನಿಮ್ಮ ಕೇರಿಗೆ ಎಷ್ಟು ದಿನದಿಂದ ನೀರಿಲ್ಲ, ಅದನ್ನು ಹೇಳಿ.' ಹೆಸರು ಬಂದೇಬಿಟ್ಟರೆ ಗುಂಡಿ ಒತ್ತಿ, ಹಾಡು ಹಾಕಿ, ಲಾಗ್ ಬರೆಯಿರಿ. ಗುಂಡಿಯನ್ನು ವಾರಕ್ಕೊಮ್ಮೆ ಒತ್ತಿ ಪರೀಕ್ಷಿಸದಿದ್ದರೆ ಬೇಕಾದ ದಿನ ಅದು ಕೆಲಸ ಮಾಡದು.

ಕೊಂಕಣಿಯಲ್ಲೋ ನವಾಯತಿಯಲ್ಲೋ ಕರೆ ಬಂದರೆ ಆ ಭಾಷೆ ಬಲ್ಲವರು ಪಕ್ಕದಲ್ಲಿರಲಿ. ಅರ್ಥವಾಗದ ಮಾತನ್ನು ಪ್ರಸಾರ ಮಾಡಿ 'ಗೊತ್ತಾಗಲಿಲ್ಲ' ಎನ್ನುವುದು ಯಾವ ಕಲಮಿನಲ್ಲೂ ವಿನಾಯಿತಿಯಲ್ಲ. ಅದರಲ್ಲೂ ನ್ಯಾಯ ಸಂಹಿತೆಯ ಎರಡು ಕಲಂ, ಕೋಮುಗಳ ನಡುವೆ ದ್ವೇಷ ಹುಟ್ಟಿಸುವ 196ನೇ ಕಲಂ, ಧಾರ್ಮಿಕ ಭಾವನೆ ಕೆರಳಿಸುವ 299ನೇ ಕಲಂ ಜಾಮೀನು ಸಿಗದ ವರ್ಗಕ್ಕೆ ಸೇರಿವೆ; ಅಲ್ಲಿ ಪೊಲೀಸರು ನೇರ ಕ್ರಮ ಕೈಗೊಳ್ಳಬಹುದು. ಇಂಥ ಹೊತ್ತಲ್ಲಿ ಕೇಬಲ್ ಕಾಯ್ದೆಯ 19ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಮೊದಲಾದ ಅಧಿಕೃತ ಅಧಿಕಾರಿ ಪ್ರಸಾರವನ್ನೇ ನಿಲ್ಲಿಸಲು ಆದೇಶಿಸಬಹುದು.

ಹಂತ 6: ಮಕ್ಕಳು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ನ್ಯಾಯಾಲಯ

ಇಲ್ಲಿ ರಿಯಾಯಿತಿ ಇಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಮಗುವಿನ ಹೆಸರು ಮಾತ್ರವಲ್ಲ, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳಿಗೆ ಕಡಿಮೆಯಿಲ್ಲ, ಒಂದು ವರ್ಷದವರೆಗೆ. ವರದಿಗಾರ ಮಾಡಿದ ತಪ್ಪಿಗೆ ಮಾಧ್ಯಮದ ಮಾಲೀಕರೂ ಜಂಟಿಯಾಗಿ ಹೊಣೆ ಎಂದು ಆ ಕಲಮಿನಲ್ಲೇ ಬರೆದಿದೆ. ವಯಸ್ಕರ ಅತ್ಯಾಚಾರ ಪ್ರಕರಣದಲ್ಲಿ ನ್ಯಾಯ ಸಂಹಿತೆಯ 72ನೇ ಕಲಂ, ಎರಡು ವರ್ಷದವರೆಗೆ.

ಯಲ್ಲಾಪುರದ ಕಡೆಯ ಹತ್ತು ಮನೆಯ ಕೇರಿಯನ್ನು ಊಹಿಸಿ. 'ಆ ಕೇರಿಯ ಏಳನೇ ತರಗತಿಯ ಬಾಲಕಿ' ಎಂದರೆ ಸಾಕು, ಇರುವುದೇ ಒಬ್ಬಳು. ಮುಖ ಮಸುಕು ಮಾಡಿ ಮನೆಯ ಹೆಂಚು, ಅಂಗಳದ ತುಳಸಿಕಟ್ಟೆ, ತಂದೆಯ ಬೈಕಿನ ನಂಬರು ತೋರಿಸಿದರೆ ಮಸುಕು ಮಾಡಿದ್ದಕ್ಕೆ ಅರ್ಥವೇ ಇಲ್ಲ. ಆರೋಪಿ ಸಂಬಂಧಿಕನಾದರೆ ಅವನ ಹೆಸರನ್ನೂ ಹೇಳಬಾರದು, ಅವನ ಮೂಲಕ ಮಗು ಗುರುತಾಗುತ್ತದೆ. ತಾಲೂಕಿನ ಹೆಸರಿಗೆ ನಿಲ್ಲಿಸಿ. ಅದೂ ಬೇಡ ಅನಿಸಿದರೆ ಜಿಲ್ಲೆಗೇ ನಿಲ್ಲಿಸಿ.

ನ್ಯಾಯಾಲಯದ ಕಲಾಪವನ್ನು ನ್ಯಾಯಯುತವಾಗಿ, ನಿಖರವಾಗಿ ವರದಿ ಮಾಡಬಹುದು. ವಿಚಾರಣೆ ಬಾಕಿಯಿರುವಾಗ ಸ್ಟುಡಿಯೊದಲ್ಲಿ ಸಾಕ್ಷಿಗಳನ್ನು ಕೂರಿಸಿ ತೀರ್ಪು ಕೊಡುವುದು ನ್ಯಾಯಾಂಗ ನಿಂದನೆಯ ದಾರಿ.

ಹಂತ 7: ಹಾಡು, ಯಕ್ಷಗಾನ, ಸಿನಿಮಾ

ಸಿನಿಮಾ ಹಾಡಿಗೆ ಎರಡು ಹಕ್ಕು ಇವೆ: ಸಾಹಿತ್ಯ ಮತ್ತು ಸಂಗೀತ ರಚನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಒಬ್ಬರಿಂದ ಲೈಸೆನ್ಸ್ ಪಡೆದು ಇನ್ನೊಬ್ಬರನ್ನು ಮರೆಯುವುದು ಸಾಮಾನ್ಯ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಡಿ ಕಲಂ ಪ್ರಸಾರಕರಿಗೆ ಶಾಸನಬದ್ಧ ಲೈಸೆನ್ಸ್ ಕೊಡುತ್ತದೆ. ಐದು ದಿನ ಮೊದಲು ಹಕ್ಕುದಾರರಿಗೆ ನೋಟಿಸ್, ನಿಗದಿತ ದರದ ಪಾವತಿ, ಲೆಕ್ಕದ ಪುಸ್ತಕ, ಪ್ರಸಾರದ ಹೊತ್ತಿಗೆ ರಚನಕಾರರ ಮತ್ತು ಮುಖ್ಯ ಕಲಾವಿದರ ಹೆಸರು ಹೇಳುವುದು, ಇವು ಅದರ ಷರತ್ತು. ಆದರೆ ಈ ಲೈಸೆನ್ಸ್ ಅಂತರ್ಜಾಲಕ್ಕೆ ಅನ್ವಯಿಸದು ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು. ಬಾನುಲಿಯಲ್ಲಿ ಸರಿಯಾಗಿ ಹಾಕಿದ ಹಾಡು ಯೂಟ್ಯೂಬ್‌ನಲ್ಲಿ ಉಲ್ಲಂಘನೆಯಾಗಬಹುದು.

ಯಕ್ಷಗಾನ ಜಾನಪದ, ಯಾರು ಬೇಕಾದರೂ ಪ್ರಸಾರ ಮಾಡಬಹುದು ಎಂದು ಬಹಳ ಜನ ನಂಬಿದ್ದಾರೆ. ಬಿಡಿಸಿ ನೋಡಬೇಕು. ಶತಮಾನಗಳ ಹಿಂದಿನ ಪ್ರಸಂಗದ ಪದ್ಯಗಳಿಗೆ ಹಕ್ಕು ಮುಗಿದಿದೆ. ಕವಿ ತೀರಿಕೊಂಡು 60 ವರ್ಷ ಆಗದ ಹೊಸ ಪ್ರಸಂಗಕ್ಕೆ ಅವರ ಅಥವಾ ವಾರಸುದಾರರ ಒಪ್ಪಿಗೆ ಬೇಕು. ಪದ್ಯ ಹಳೆಯದೇ ಆದರೂ ಅಂದಿನ ರಾತ್ರಿ ಹಾಡಿದ ಭಾಗವತರಿಗೆ, ಮದ್ದಳೆ ಚಂಡೆಯವರಿಗೆ, ಮುಮ್ಮೇಳದ ಕಲಾವಿದರಿಗೆ ಪ್ರದರ್ಶಕರ ಹಕ್ಕು ಉಂಟು, 50 ವರ್ಷದವರೆಗೆ. ಆಟ ಆಡಿಸಿದ ಸೇವಾಕರ್ತರ ಒಪ್ಪಿಗೆ ಅವರ ಪರವಾಗಿ ಸಾಲದು. ಮೇಳದ ಯಜಮಾನರೊಡನೆ ಬರಹದ ಒಪ್ಪಂದ ಮಾಡಿ. ಕೇಬಲ್‌ನಲ್ಲಿ ಎಷ್ಟು ಸಲ, ಯೂಟ್ಯೂಬ್‌ನಲ್ಲಿ ಹಾಕಬಹುದೇ, ತುಣುಕು ಮಾಡಬಹುದೇ ಎಂದು ಬಿಡಿಬಿಡಿಯಾಗಿ ಬರೆಯಿಸಿ. ಅತಿಥಿ ಕಲಾವಿದರಿದ್ದರೆ ಅವರ ಸಹಿ ಬೇರೆ.

ಹಾಲಕ್ಕಿ ಒಕ್ಕಲಿಗರ ಹಾಡಿಗೂ ಹೀಗೇ. ಹಾಡು ಸಮುದಾಯದ್ದು, ಕಂಠ ಹಾಡಿದ ಅಜ್ಜಿಯದು. ಓದು ಬಾರದವರಿಗೆ ಒಪ್ಪಿಗೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ, ಮನೆಯವರೊಬ್ಬರ ಸಾಕ್ಷಿಯಲ್ಲಿ ಹೆಬ್ಬೆಟ್ಟು ಹಾಕಿಸಿ, ಓದಿ ಹೇಳಿದ್ದನ್ನೂ ರೆಕಾರ್ಡ್ ಮಾಡಿ. ಹಾಡಿನ ಮುಂಚೆ ಅವರ ಹೆಸರು, ಊರು ಹೇಳುವುದು ಕಾನೂನಿಗಿಂತ ಮೊದಲು ಮರ್ಯಾದೆಯ ವಿಷಯ.

ಹೊಸ ಸಿನಿಮಾವನ್ನು ಪೆನ್‌ಡ್ರೈವ್‌ನಿಂದ ಲೋಕಲ್ ಚಾನೆಲ್‌ಗೆ ಹಾಕುವುದು ನೇರ ಅಪರಾಧ: ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ ಎರಡು ಲಕ್ಷ ದಂಡ.

ಹಂತ 8: ಜಾಹೀರಾತು

ಟಿವಿಯಲ್ಲಿ ಗಂಟೆಗೆ 12 ನಿಮಿಷ. ಸಮುದಾಯ ಬಾನುಲಿಗೂ ಈಗ 12 ನಿಮಿಷ, ಮೊದಲು ಏಳಿತ್ತು. ಅದನ್ನು ಮೀರಬೇಡಿ.

ಚಾನೆಲ್‌ಗೆ ಅಪಾಯ ತರುವುದು ನಾಟಿ ಔಷಧದ ಜಾಹೀರಾತು. ಮಧುಮೇಹ, ಕ್ಯಾನ್ಸರ್ ಮೊದಲಾದ ಪಟ್ಟಿ ಮಾಡಿದ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎಂಬ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತು ಪ್ರಕಟಿಸಿದವರಿಗೂ ಹತ್ತು ಲಕ್ಷದವರೆಗೆ ದಂಡ ಬೀಳಬಹುದು. 'ಒಂದೇ ಮಾತ್ರೆಗೆ ಸಕ್ಕರೆ ಕಾಯಿಲೆ ಮಾಯ' ಎಂದು ಬರೆದುಕೊಂಡು ಬಂದವರು ಎಷ್ಟೇ ಪರಿಚಯದವರಿದ್ದರೂ ಬೇಡ ಅನ್ನಿ. ಅದನ್ನು ನಂಬಿ ಇನ್ಸುಲಿನ್ ಬಿಡುವವರು ನಿಮ್ಮದೇ ವೀಕ್ಷಕರು. ವಶೀಕರಣ, ಮಾಟ ತೆಗೆಯುವ ಕಾರ್ಯಕ್ರಮಗಳೂ ಹಾಗೆಯೇ; ಮೂಢನಂಬಿಕೆ ಬೆಳೆಸುವುದನ್ನು ಕೇಬಲ್ ಕಾರ್ಯಕ್ರಮ ಸಂಹಿತೆಯ 6ನೇ ನಿಯಮ ತಡೆಯುತ್ತದೆ. ತಂಬಾಕು, ಭ್ರೂಣಲಿಂಗ ಪತ್ತೆಯ ಜಾಹೀರಾತುಗಳನ್ನು ಒಪ್ಪಿಕೊಳ್ಳಲೇಬಾರದು.

ಹಂತ 9: ಚುನಾವಣೆ

ರಾಜಕೀಯ ಜಾಹೀರಾತು ಕೇಬಲ್‌ನಲ್ಲಿ ಬರಬೇಕಾದರೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಪ್ರಮಾಣಪತ್ರ ಬೇಕು. 2004ರ ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ಕಟ್ಟಳೆ ಇದು. ನೋಂದಾಯಿತ ಪಕ್ಷ, ಅಭ್ಯರ್ಥಿಗಳು ಪ್ರಸಾರಕ್ಕೆ ಮೂರು ದಿನ ಮೊದಲು ಅರ್ಜಿ ಹಾಕಬೇಕು. ಪ್ರಮಾಣಪತ್ರದ ಸಂಖ್ಯೆಯನ್ನು ಲಾಗ್‌ನಲ್ಲಿ ಬರೆಯಿರಿ. ಪ್ರಮಾಣಪತ್ರ ಸಿಕ್ಕ ಮೇಲೆ ಒಂದು ವಾಕ್ಯ ಬದಲಿಸಿದರೂ ಅದು ಬೇರೆ ಜಾಹೀರಾತು.

ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣಾ ವಿಷಯ ತೋರಿಸುವಂತಿಲ್ಲ. ಜನಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ, ಎರಡು ವರ್ಷದವರೆಗೆ ಶಿಕ್ಷೆ. ಮರುಪ್ರಸಾರದ ಪಟ್ಟಿಯಲ್ಲಿ ಕಂಪ್ಯೂಟರ್ ತಾನಾಗಿ ಹಾಕುವ ಹಳೆ ಸಂದರ್ಶನವೇ ಇಲ್ಲಿ ಕಾಲಿಗೆ ತೊಡರುವುದು. ಆ 48 ಗಂಟೆಯ ಪ್ಲೇಲಿಸ್ಟನ್ನು ಕೈಯಾರೆ ಜೋಡಿಸಿ.

ಹಂತ 10: ಕಡಲು, ನೌಕಾಪಡೆ, ವಿಕೋಪ

ಭದ್ರತಾ ಪಡೆಗಳ ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯ ನೇರ ಪ್ರಸಾರವನ್ನು ಕೇಬಲ್ ಕಾರ್ಯಕ್ರಮ ಸಂಹಿತೆಯ ಅದೇ 6ನೇ ನಿಯಮ ನಿಷೇಧಿಸಿದೆ. ನಿಯೋಜಿತ ಅಧಿಕಾರಿ ಕೊಡುವ ವಿವರಣೆ ಮಾತ್ರ ಹೇಳಬಹುದು. ಕಾರವಾರದಲ್ಲಿ ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲಿ: ಯುದ್ಧನೌಕೆಗಳ ಓಡಾಟ, ನೆಲೆಯ ದೃಶ್ಯ ಯಾವುದನ್ನೂ ಕ್ಯಾಮೆರಾಕ್ಕೆ ಹಿಡಿಯಬೇಡಿ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು ವಲಯ, ಅಂದರೆ ಡ್ರೋನ್ ನಿಷಿದ್ಧ ಪ್ರದೇಶ, ಎಲ್ಲಿದೆ ನೋಡಿ. ಕಡಲತೀರದ ಉತ್ಸವ ಚಿತ್ರೀಕರಿಸುವವರು ಇದನ್ನು ಮರೆಯುತ್ತಾರೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಇಂಥ ದಿನ ಸುಳ್ಳು ಎಚ್ಚರಿಕೆ ಹರಡಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ, ಒಂದು ವರ್ಷದವರೆಗೆ ಜೈಲು. ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಹವಾಮಾನ ಇಲಾಖೆಯ ಮಾತಿನಲ್ಲೇ ಓದಿ, ಹೊರಡಿಸಿದ ಗಂಟೆ ಹೇಳಿ, ಅವಧಿ ಮುಗಿದ ಕೂಡಲೇ ನಿಲ್ಲಿಸಿ. ಬೈತಖೋಲದಲ್ಲೋ ತದಡಿಯಲ್ಲೋ ದೋಣಿ ಇಳಿಸುವವರು ನಿನ್ನೆಯ ಎಚ್ಚರಿಕೆಯನ್ನು ಇಂದೂ ಕೇಳಿದರೆ, ನಾಳೆ ನಿಜವಾದದ್ದನ್ನೂ ನಂಬುವುದಿಲ್ಲ. ಮೃತರ ಹೆಸರು ಮನೆಯವರಿಗೆ ಮುಟ್ಟುವ ಮೊದಲು ನಿಮ್ಮಿಂದ ಹೊರಡಬಾರದು.

ಹಂತ 11: ದೂರು ಅಥವಾ ನೋಟಿಸ್ ಬಂದ ದಿನ

ಮೊದಲ ಕೆಲಸ, ಆ ದಿನದ ರೆಕಾರ್ಡಿಂಗ್ ಅಳಿದುಹೋಗದಂತೆ ಬೇರೆ ಡಿಸ್ಕ್‌ಗೆ ನಕಲು ಮಾಡಿ ಬೀಗ ಹಾಕುವುದು. ಮೂಲವನ್ನು ಮುಟ್ಟಬೇಡಿ, ಕತ್ತರಿಸಬೇಡಿ, ಧ್ವನಿ ಸರಿಪಡಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಹ್ಯಾಶ್ ಸಂಖ್ಯೆ (ಕಡತದ ಬೆರಳಚ್ಚಿನಂಥ ಗುರುತು) ಇರುವ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಎಸ್‌ಎಚ್‌ಎ-256 ಹ್ಯಾಶ್ ಅನ್ನು ಅಂದೇ ತೆಗೆದು ಲಾಗ್‌ನಲ್ಲಿ ಬರೆಯಿರಿ. ಆಮೇಲೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಸಂಖ್ಯೆ ಹೊಂದುವುದಿಲ್ಲ.

ನೋಟಿಸ್ ಯಾರಿಂದ ಎಂದು ನೋಡಿ. ವಕೀಲರದ್ದಾದರೆ ಅದರಲ್ಲಿ ಬರೆದ ಗಡುವಿನೊಳಗೆ ನಿಮ್ಮ ವಕೀಲರಿಂದಲೇ ಉತ್ತರ ಹೋಗಲಿ. ಫೋನಿನಲ್ಲಿ ರಾಜಿ ಮಾತಾಡಲು ಹೋಗಿ ತಪ್ಪೊಪ್ಪಿಗೆ ಕೊಟ್ಟವರಿದ್ದಾರೆ. ಪೊಲೀಸರು ರೆಕಾರ್ಡಿಂಗ್ ಕೇಳಿದರೆ ಬರಹದ ನೋಟಿಸ್ ಪಡೆದು, ಪ್ರತಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಅಧಿಕೃತ ಅಧಿಕಾರಿ ಕೇಬಲ್ ಉಪಕರಣ ಜಪ್ತಿ ಮಾಡಿದರೆ ವಸ್ತುಗಳ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ, ಜಗಳ ಬೇಡ. 2021ರ ನಿಯಮಗಳಂತೆ ಉಪಗ್ರಹ ಚಾನೆಲ್‌ಗಳು ವೀಕ್ಷಕರ ದೂರಿಗೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಕೊಡಬೇಕು. ಲೋಕಲ್ ಚಾನೆಲ್‌ನ ದೂರು ಜಿಲ್ಲಾ ನಿಗಾ ಸಮಿತಿಗೆ ಹೋಗುತ್ತದೆ, ಆದರೂ ಇದೇ ಶಿಸ್ತನ್ನು ನೀವೂ ಇಟ್ಟುಕೊಂಡರೆ ಎಷ್ಟೋ ದೂರುಗಳು ಸಮಿತಿಯವರೆಗೆ ಹೋಗುವುದೇ ಇಲ್ಲ.

ತಪ್ಪಾಗಿದ್ದರೆ ತಿದ್ದುಪಡಿ ಅದೇ ಸಮಯಕ್ಕೆ, ಅದೇ ಕಾರ್ಯಕ್ರಮದಲ್ಲಿ ಬರಲಿ. ಸಂಜೆ ಏಳಕ್ಕೆ ಹೇಳಿದ ತಪ್ಪನ್ನು ರಾತ್ರಿ ಹನ್ನೊಂದೂವರೆಗೆ ತಿದ್ದಿದರೆ ಯಾರೂ ನೋಡುವುದಿಲ್ಲ, ನ್ಯಾಯಾಧೀಶರಿಗೂ ಅದು ಅರ್ಥವಾಗುತ್ತದೆ. ಹಳೆ ಆರೋಪವನ್ನು ಪೂರ್ತಿ ಮತ್ತೆ ಓದಬೇಡಿ. ಇಂಥ ದಿನ ಇಂಥ ವಿಷಯದಲ್ಲಿ ನಾವು ಹೇಳಿದ್ದು ತಪ್ಪು, ಸರಿಯಾದದ್ದು ಇದು, ವಿಷಾದಿಸುತ್ತೇವೆ: ಮೂರು ವಾಕ್ಯ ಸಾಕು. ತಿದ್ದುಪಡಿಯ ಕರಡನ್ನು ವಕೀಲರಿಗೆ ತೋರಿಸಿ, ಯೂಟ್ಯೂಬ್‌ನಲ್ಲಿರುವ ಹಳೆ ವಿಡಿಯೊವನ್ನು ಸಾರ್ವಜನಿಕ ನೋಟದಿಂದ ತೆಗೆಯಿರಿ, ಆದರೆ ನಿಮ್ಮ ಪ್ರತಿಯನ್ನು ಅಳಿಸಬೇಡಿ. ತಿದ್ದುಪಡಿ ಪ್ರಸಾರವಾದ ರೆಕಾರ್ಡಿಂಗನ್ನೂ ಹ್ಯಾಶ್ ತೆಗೆದು ಅದೇ ಕಡತದಲ್ಲಿ ಸೇರಿಸಿಡಿ.